ಮುರಿಯದ ರೊಟ್ಟಿಯ ಅಪಾಯ

ಮಗಳು ಸಮೃದ್ಧಿಗೆ ಗೋಧಿ ಆಗಿಬರುವುದಿಲ್ಲ, ಕರುಳು ಸುಧಾರಿಸುವವರೆಗೆ ಹಾಲು ಮೊಸರೂ ಬೇಡ ಎಂದು ಕೊಲ್ಲಾಪುರದ ಡಾಕ್ಟರು ಹೇಳಿದಾಗ ನಾನು ನಕ್ಕುಬಿಟ್ಟೆ. ಜೋಳದ ರೊಟ್ಟಿ ತಿಂದು ಬೆಳೆದ ವಂಶ ನಮ್ಮದು. ಚಪಾತಿ ಬಿಡುವುದು ನಮಗೊಂದು ಕಷ್ಟವೇ?

ಪಥ್ಯ ಹತ್ತಿತು. ಉಂಡ ಮೇಲೆ ಹೊಟ್ಟೆ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿ ಓಣಿಯಲ್ಲಿ ಕುಂಟಾಬಿಲ್ಲೆ ಆಡತೊಡಗಿದಳು. ಅದನ್ನು ನೋಡಿದರೆ ನನಗೆ ಕಣ್ಣು ತುಂಬುತ್ತಿತ್ತು. ಇದರ ಕೀರ್ತಿಯೆಲ್ಲ ನನ್ನದೇ ಎಂದು ನಮ್ಮೂರು ಕೊರೋಚಿಯ ತುಂಬ ಹೇಳಿಕೊಂಡು ತಿರುಗಿದೆ. ಅಡುಗೆ ಮಾತ್ರ ಹೆಂಡತಿ ಶೋಭಾ ಮಾಡುತ್ತಿದ್ದಳು.

ಅಷ್ಟರಲ್ಲಿ ನೂಲ ಎಂಬ ಊರಿನಲ್ಲಿರುವ ಅತ್ತೆಯವರಿಗೆ, ಅಂದರೆ ಶೋಭಾಳ ತಾಯಿಗೆ, ಗಡಹಿಂಗ್ಲಜದಲ್ಲಿ ಕಣ್ಣಿನ ಆಪರೇಷನ್ ಎಂದಾಯಿತು. ಶೋಭಾ ಹೊರಟಳು.

"ಗೋದಿದು ವಾಸನೀನೂ ಬ್ಯಾಡ. ಮಜ್ಜಿಗೀನೂ ಹಾಲ ಅನ್ನೂದು ಮರೀಬ್ಯಾಡ್ರಿ," ಎಂದಳು.

"ನಾಕು ಮಗ್ಗ ನಡಸಾಂವ ನಾ. ನಾಕು ರೊಟ್ಟಿ ಬಡ್ಯಾಕ ಬರೂದಿಲ್ಲೇನು?"

ಬರಲಿಲ್ಲ. ಮೊದಲ ರೊಟ್ಟಿ ಕೈಯಲ್ಲೇ ಎರಡಾಯಿತು. ಎರಡನೆಯದು ಹಿಟ್ಟು ನಾದುವ ಪರಾತದಿಂದ ಹಂಚಿಗೆ ಹೋಗುವ ದಾರಿಯಲ್ಲಿ ಪ್ರಾಣ ಬಿಟ್ಟಿತು. ಮೂರನೆಯದನ್ನು ಚೂರು ಚೂರಾಗಿ ಹಂಚಿನ ಮೇಲೆ ಜೋಡಿಸಿದೆ.

ನಾನು ನೇಕಾರನ ತಲೆ ಓಡಿಸಿದೆ. ಮಗ್ಗದಲ್ಲಿ ಎಳೆ ಹರಿಯುತ್ತದೆ ಎಂದರೆ ನೂಲಿಗೆ ಗಂಜಿ ಸಾಲದು ಎಂದರ್ಥ. ರೊಟ್ಟಿಗೂ ಅದೇ ರೋಗ. ಅಕ್ಕಿ ಗಂಜಿ ಕಾಸಿ ಹಿಟ್ಟಿಗೆ ಸುರಿದು ನಾದಿದೆ. ಈ ಸಲ ರೊಟ್ಟಿ ಮುರಿಯಲಿಲ್ಲ. ಹಂಚನ್ನು ಬಿಟ್ಟು ಏಳಲೂ ಇಲ್ಲ. ಮಗಳು ಸಮು ಮೂಸಿ ನೋಡಿ, "ಅಪ್ಪಾ, ಹಂಚ ತಿನ್ನೂದೇನು?" ಎಂದಳು.

ಕೊನೆಗೆ ಪಕ್ಕದ ಮನೆಯ ಮರಾಠಿ ಅತ್ತಿಗೆ, ವಹಿನಿಯ ಬಾಗಿಲಿಗೆ ಹೋದೆ. ಆಕೆಯ ರೊಟ್ಟಿ, ಅವರ ಮಾತಿನಲ್ಲಿ ಭಾಕರಿ, ಮುರಿದದ್ದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ.

"ಕಾಯ್ ಹೋ ಭಾವಜಿ, ಭಾಕರಿ ತುಟತೇ ಕಾ?" ಮುರಿಯುತ್ತದೆಯೇ ಎಂದು ನಗುತ್ತ ಕೇಳಿದರು.

"ಛೆ ಛೆ. ನಮ್ಮ ಜೋಳ ಹಳೇದೈತ್ರಿ, ಜಿಗಿ ಇಲ್ಲ. ನಿಮ್ಮ ಜೋಳದ ಹಿಟ್ಟು ಒಂದ್ ಬಟ್ಟಲ ಕೊಡ್ರಿ," ಎಂದೆ. ಗಂಡಸಿನ ಮರ್ಯಾದೆ ಮುಚ್ಚುವ ಗಡಿಬಿಡಿಯಲ್ಲಿ ಮಗಳ ಪಥ್ಯದ ಮಾತನ್ನೇ ಎತ್ತಲಿಲ್ಲ.

ಆ ಹಿಟ್ಟೋ, ಹೇಳಿದಂತೆ ಕೇಳುವ ಹಿಟ್ಟು. ಬಡಿದಷ್ಟೂ ಅಗಲವಾಯಿತು, ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ಕರವಸ್ತ್ರದಂತೆ ನಾಲ್ಕು ಮಡಿಕೆ ಮಾಡಿದರೂ ಬಿರುಕು ಬಿಡಲಿಲ್ಲ. ಮಡಚಿದ ರೊಟ್ಟಿಯ ಫೋಟೊ ತೆಗೆದು ಶೋಭಾಗೆ ಕಳಿಸಿದೆ. ಕೆಳಗೆ "ಹೆಂಗೈತಿ?" ಎಂದು ಬರೆದೆ. ಮಗಳ ತಾಟಿಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ, ಹೊಗಳಿಕೆಗಾಗಿ ಕಾದು ನಿಂತೆ.

ಫೋನು ಬಂತು.

"ರೀ, ಅದನ್ನ ಸಮೂಗ ಕೊಟ್ಟೀರೇನು?"

"ಕೊಟ್ಟೇನಿ. ಯಾಕ?"

"ಮದ್ಲ ಕಸ್ಕೋರಿ. ಬರೇ ಜೋಳದ ರೊಟ್ಟಿ ಹಂಗ ನಾಕು ಮಡಿಕಿ ಆಗೂದಿಲ್ಲ. ಅದರಾಗ ಗೋದಿ ಐತಿ."

ತಾಟು ಎಳೆದುಕೊಂಡೆ. ಸಮುವಿನ ಕೈಯಲ್ಲಿ ತುತ್ತು ಇತ್ತು.

"ಬಾಯಾಗ ಹಾಕ್ಕೊಂಡೀಯೇನವಾ?"

"ಇಲ್ಲ. ಬಿಸಿ ಐತಲ್ಲ, ಊದಾಕತ್ತಿದ್ನಿ."

ಬಿಸಿ ರೊಟ್ಟಿ ಬಡಿಸಿದ್ದೊಂದೇ ಅಂದು ನಾನು ಮಾಡಿದ ಸರಿಯಾದ ಕೆಲಸ. ಅವಳ ಕೈಯ ತುತ್ತನ್ನೂ ಕಸಿದು ತಾಟಿಗೆ ಹಾಕಿದೆ.

ಫೋನು ಹಿಡಿದುಕೊಂಡೇ ವಹಿನಿಯನ್ನು ಕೂಗಿ ಕೇಳಿದೆ. ಜಿಗಿ ಬರಲಿ ಎಂದು ಗಿರಣಿಗೆ ಹಾಕುವಾಗಲೇ ಜೋಳದಲ್ಲಿ ಎರಡು ಮುಷ್ಟಿ ಗೋಧಿ ಬೆರೆಸುವುದು ಅವರ ಅತ್ತೆಯ ಕಾಲದ ರೂಢಿಯಂತೆ. "ಪೋರಿಗೆ ಅಂತ ಹೇಳಬಾರದೇನ್ರಿ ಭಾವಜಿ?" ಎಂದು ಆಕೆಯೇ ಮರುಗಿದರು.

"ಆ ಗೋದಿ ಜಿಗೀನ ರೀ ಡಾಕ್ಟರ್ ಬ್ಯಾಡ ಅಂದದ್ದು," ಎಂದಳು ಫೋನಿನಿಂದ ಶೋಭಾ. ಯಾವ ಕಳ್ಳನನ್ನು ಮನೆಯಿಂದ ಹೊರಹಾಕಿದ್ದೆವೋ, ಅವನನ್ನೇ ನಾನು ಬಟ್ಟಲಲ್ಲಿ ಕೂರಿಸಿಕೊಂಡು ಕರೆತಂದಿದ್ದೆ.

ಪರಾತ, ಹಂಚು, ತಾಟು, ಸಮುವಿನ ಕೈ, ನನ್ನ ಕೈ ಎಲ್ಲ ತಿಕ್ಕಿ ತೊಳೆದು, ನಮ್ಮ ಹಿಟ್ಟಿನಲ್ಲೇ ಮತ್ತೆ ಬಡಿದೆ. ಚೂರುಗಳೇ ಬಂದವು. ಬೇಳೆಸಾರಿನಲ್ಲಿ ಹಿಸುಕಿ ಕೊಟ್ಟೆ. ಹುಡುಗಿ ಬಟ್ಟಲು ನೆಕ್ಕಿ, "ಇನ್ನಷ್ಟು ಮುರದದ್ದು ಹಾಕಪ್ಪಾ," ಎಂದಳು. ಮೊದಲು ಊಟವೆಂದರೆ ಹೆದರುತ್ತಿದ್ದ ಕೂಸು ಹೀಗೆ ಕೇಳಿ ಉಂಡದ್ದು ನೋಡಿ ನನ್ನ ಮರ್ಯಾದೆ ಹೋದದ್ದೂ ಮರೆತುಹೋಯಿತು.

ಮರೆತುಹೋಗಲು ಸಮು ಬಿಡಲಿಲ್ಲ. ಶೋಭಾ ಮತ್ತೆ ಫೋನು ಮಾಡಿದಾಗ ಆಚೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜಿ, "ನಿಮ್ಮಪ್ಪ ಏನ್ ಮಾಡಿ ಹಾಕ್ಯಾನವಾ?" ಎಂದು ವಿಚಾರಿಸಿದರು.

"ಚಿಂತಿ ಮಾಡಬ್ಯಾಡ ಆಯಿ," ಎಂದಳು ಸಮು. "ಅಪ್ಪನ ರೊಟ್ಟಿ ಭಾಳ ಸೇಫ್ ಅದಾವ. ಒಂದೂ ಸರಿ ಬರೂದಿಲ್ಲ."

ಈಗ ಮನೆಯಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ನಾನು ಬಡಿದ ರೊಟ್ಟಿ ಮುರಿಯದೆ ಬಂದರೆ ಹಿಟ್ಟಿನ ಡಬ್ಬಿಯ ತಪಾಸಣೆಯಾಗದೆ ಮಗಳ ತಾಟಿಗೆ ಬಡಿಸುವಂತಿಲ್ಲ. ಇದುವರೆಗೆ ತಪಾಸಣೆಯ ಅಗತ್ಯ ಬಿದ್ದಿಲ್ಲ.