ಹಾಡುಗಾರ್ತಿಗೆಂದು ಎತ್ತಿಟ್ಟ ಕಂಬಳಿ

ಮೊಬೈಲಿಗೆ ದೇವರ ಅರಿಸಿನದ ಭಂಡಾರ ಹಚ್ಚಿ ಕೈಮುಗಿದವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಮೂಡಲಗಿಗೆ ಬನ್ನಿ, ನಮ್ಮ ಯಜಮಾನರನ್ನು ತೋರಿಸುತ್ತೇನೆ! ಕುರಿ ಕಾಯುತ್ತಲೇ ತಲೆ ನರೆತ ಇವರಿಗೆ ಈ ವರ್ಷ ಇದ್ದದ್ದು ಒಂದೇ ಚಿಂತೆ. ಅಮೆರಿಕದ ಒಬ್ಬ ಹಾಡುಗಾರ್ತಿಗೆ ಅಲ್ಲಿಯ ದೊಡ್ಡ ಪತ್ರಿಕೆಯವರು ‘ವರ್ಷದ ವ್ಯಕ್ತಿ’ ಎಂಬ ಮಾನವನ್ನು ಇನ್ನೊಮ್ಮೆ ಕೊಡುತ್ತಾರೋ ಇಲ್ಲವೋ?

ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೇ. ಇದೆಲ್ಲ ತಿಳಿದದ್ದು ಮೊಮ್ಮಗಳಿಂದ. ಈ ಹುಚ್ಚಿಗೆ ಬೀಜ ಬಿತ್ತಿದವಳೂ ಅವಳೇ. ಹೋದ ವರ್ಷ ಗೋಕಾಕದ ಹಾಡಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದ ಹುಡುಗಿ, ಈ ಸಲ ಹೆಸರು ಕೊಡಲು ಒಲ್ಲೆನೆಂದು ಕುಳಿತಳು. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು.

“ಒಮ್ಮೆ ಗೆದ್ದವರಿಗೆ ಮತ್ತ ಕೊಡಂಗಿಲ್ಲ ಅಜ್ಜಾ. ಸೋತ್ರ ಮಂದಿ ನಗತಾರ. ಆ ಹಾಡುಗಾರ್ತಿಗೂ ಮತ್ತ ಕೊಡಂಗಿಲ್ಲ, ನೋಡ್ತಿರು.”

“ಕೊಟ್ರ?”

“ಕೊಟ್ರ ನಾನೂ ಹೆಸರು ಕೊಡ್ತೀನಿ.”

ಅಷ್ಟೇ ಸಾಕಾಯಿತು! ಆ ಹಾಡುಗಾರ್ತಿ ನಮ್ಮ ಮನೆಮಗಳಾದಳು. ಅವಳ ಹಾಡು ಕೇಳುತ್ತ, ಅವಳು ಗೆಲ್ಲಲೆಂದು ದಿನಾ ಬಳಿದ ಕುಲದೇವರು ಬೀರಪ್ಪನ ಭಂಡಾರ ಮೊಬೈಲಿನ ತೂತುಗಳಿಗೆಲ್ಲ ತುಂಬಿ, ಪಾಪ, ಅವಳ ದನಿ ನೆಗಡಿ ಬಂದವರ ಹಾಗೆ ಕೇಳತೊಡಗಿತು. “ಸೋಸಿ ಹಚ್ಚಬೇಕಿತ್ತು” ಎಂದು ಯಜಮಾನರು ಹಳಹಳಿಸಿದರು.

ಚಹಾದಂಗಡಿಯ ಹುಡುಗರೊಂದಿಗೂ ಇವರದು ಇದೇ ವಾದ.

“ಕಾಕಾ, ಒಬ್ಬಾಕಿಗೇ ಎಷ್ಟ ಸಲ ಕೊಡ್ತಾರ?”

“ಹೋದ ವರ್ಷ ಗೆದ್ದ ಟಗರನ್ನ ಈ ವರ್ಷ ಕಣಕ್ಕ ಬಿಡಂಗಿಲ್ಲೇನಲೇ?”

ಗೆದ್ದವರಿಗೆ ಕಂಬಳಿ ಹೊದಿಸುವುದು ನಮ್ಮಲ್ಲಿಯ ಪದ್ಧತಿ. ಯಜಮಾನರು ನಮ್ಮ ಕುರಿಗಳದೇ ಉಣ್ಣೆಯ ಹೊಸ ಕಂಬಳಿಯೊಂದನ್ನು ಆ ಹಾಡುಗಾರ್ತಿಗೆಂದು ಎತ್ತಿಟ್ಟರು.

“ಅಮೆರಿಕಾಕ್ಕ ಹೆಂಗ ಮುಟ್ಟಸ್ತೀರಿ?” ಎಂದೆ.

“ಬೆಳಗಾವಿ ಬಸ್ಸಿನ್ಯಾಗ ಇಟ್ರಾತು. ಮುಂದಿಂದು ಅವರು ನೋಡ್ಕೋತಾರ.”

ಕಡೆಗೂ ಸುದ್ದಿ ಬಂತು. ಮಾನ ಬೇರೆ ಯಾರಿಗೋ ಹೋಗಿತ್ತು. ಸ್ಪರ್ಧೆಗೆ ಹೆಸರು ಕೊಡಲು ಮರುದಿನವೇ ಕಡೆಯ ದಿನ. “ನಾ ಹೇಳಿರಲಿಲ್ಲೇನ?” ಎಂದು ಮೊಮ್ಮಗಳು ಮುಖ ತಿರುಗಿಸಿದಳು. ಯಜಮಾನರು ಕುರಿಹಟ್ಟಿಗೆ ಹೋಗಿ, ಅದೇ ನೆಗಡಿಯ ಮೊಬೈಲಿನಲ್ಲಿ ಅದೇ ಹಾಡುಗಾರ್ತಿಯ ಹಾಡು ಹಚ್ಚಿ, ಮರಿಗಳಿಗೆ ಸೊಪ್ಪು ಹಾಕತೊಡಗಿದರು.

ಸ್ವಲ್ಪ ಹೊತ್ತಿಗೆ ಹುಡುಗಿ ಹಿಂದೆಯೇ ಹೋದಳು. “ಆಕಿ ಗೆಲ್ಲಲಿಲ್ಲಲ್ಲ ಅಜ್ಜಾ, ಇನ್ನೂ ಯಾಕ ಕೇಳಾಕತ್ತಿ?”

“ಗೆಲ್ತಾಳಂತ ಕೇಳ್ತಿದ್ನೇನ ನನ್ನವ್ವಾ? ಹಾಡ್ತಾಳಂತ ಕೇಳ್ತೀನಿ.”

ಮರುದಿನ ಮುಂಜಾನೆ ಬಚ್ಚಲಮನೆಯಿಂದ ಮೊಮ್ಮಗಳ ಹಾಡು ಕೇಳಿಸಿತು ನೋಡಿ, ಹಂಚಿನ ಮೇಲಿದ್ದ ರೊಟ್ಟಿ ಹೊತ್ತಿ ಕರಕಾಯಿತು! ಆಗಲಿ ಬಿಡಿ, ಅಂಥ ರೊಟ್ಟಿ ದಿನಾ ಹೊತ್ತಲಿ!

ಅಂದೇ ಹೆಸರು ಕೊಟ್ಟುಬಂದ ಹುಡುಗಿ ಮೊನ್ನೆ ಗೋಕಾಕದಲ್ಲಿ ಹಾಡಿದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ನನ್ನ ಬಾಜೂಕ್ಕಿದ್ದ ಯಜಮಾನರು ಕಾಣೆ! ನೋಡಿದರೆ ಎತ್ತಿಟ್ಟಿದ್ದ ಆ ಕಂಬಳಿ ಹಿಡಿದು ವೇದಿಕೆ ಏರಿದ್ದಾರೆ.

“ಅಜ್ಜಾರ, ತಡೀರಿ! ರಿಜಲ್ಟ್ ಇನ್ನೂ ಹೇಳಿಲ್ರಿ!” ಎಂದು ಕಾರ್ಯಕ್ರಮದವರು ಓಡಿಬಂದರು.

“ನಿಮ್ಮದು ಸಾವಕಾಶ ಹೇಳ್ರಿ,” ಎಂದರು ಇವರು, ಕಂಬಳಿಯನ್ನು ಮೊಮ್ಮಗಳ ಹೆಗಲಿಗೆ ಹೊದಿಸುತ್ತ. “ನಂದು ಹೇಳಿ ಆತು.”