ಸೌಟು ಹಿಡಿದು ಮಾಡಿದ ಜನಗಣತಿ

ನನ್ನ ಸೋದರಮಾವ ಅಮೆರಿಕವನ್ನು ಕಣ್ಣಲ್ಲಿ ಕಂಡವರಲ್ಲ. ಆದರೂ ಅಲ್ಲಿನ ಟೆನ್ನೆಸಿ ರಾಜ್ಯದ ಹೆಸರೆತ್ತಿದರೆ ಅವರ ಬಿಪಿ ಏರುತ್ತದೆ! ಅದೂ ಎಂದೋ ತೀರ್ಪಾಗಿ ಮುಗಿದುಹೋದ ಕೇಸಿಗಾಗಿ! ಮೈಸೂರಿನಲ್ಲಿ ಕಾನೂನು ಮೇಷ್ಟರಾಗಿದ್ದವರು, ಈಗ ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಸಿಡ್ನಿಯ ಕೆಲ್ಲಿವಿಲ್‌ನಲ್ಲಿರುವ ನಮ್ಮಣ್ಣ ಫೋನಿನಲ್ಲಿ ಟೆನ್ನೆಸಿ ಎಂದು ಕೇಳಿಸಿದೊಡನೆ "ಮಾವ, ಮೆಟ್ರೋ ಬಂತು, ಆಮೇಲೆ ಮಾಡ್ತೀನಿ" ಎನ್ನುತ್ತಾನೆ. ಮನೆಯ ಸೋಫಾ ಮೇಲೆ ಕೂತುಕೊಂಡೇ!

ಆ ಕೇಸು ನಮಗೆಲ್ಲ ಬಾಯಿಪಾಠ. ಟೆನ್ನೆಸಿಯಲ್ಲಿ ಅರವತ್ತು ವರ್ಷ ಮತಕ್ಷೇತ್ರಗಳ ಗಡಿಯನ್ನೇ ಬದಲಿಸಲಿಲ್ಲವಂತೆ. ಜನ ಹಳ್ಳಿ ಬಿಟ್ಟು ಪಟ್ಟಣ ಸೇರಿದರು, ಸೀಟುಗಳು ಹಳ್ಳಿಯಲ್ಲೇ ಉಳಿದವು. ಪಟ್ಟಣದವನ ಓಟಿಗೆ ಕಿಮ್ಮತ್ತಿಲ್ಲದಂತಾಯಿತು. ಜನ ಕೋರ್ಟಿಗೆ ಹೋದರು. ಇದು ರಾಜಕೀಯ, ಕೋರ್ಟು ಕೈ ಹಾಕುವ ವಿಷಯವಲ್ಲ ಎಂಬ ವಾದವನ್ನು ದಾಟಿ ಸುಪ್ರೀಂ ಕೋರ್ಟು ಕೊನೆಗೂ ಅವರ ಅಹವಾಲು ಕೇಳಿತು. ಮುಂದೆ ಇನ್ನೊಂದು ಕೇಸಿನಲ್ಲಿ, ಶಾಸಕರು ಇರುವುದು ಜನರಿಗಾಗಿ, ಎಕರೆಗಳಿಗಾಗಿ ಅಲ್ಲ ಎಂದುಬಿಟ್ಟಿತು.

ಒಂದು ಭಾನುವಾರ ಮಾವ ಇದನ್ನೆಲ್ಲ ಎಂಟು ವರ್ಷದ ನನ್ನ ಮಗನಿಗೆ ವಿವರಿಸಲು ಎರಡು ತಟ್ಟೆ ಇಟ್ಟುಕೊಂಡು ಕೂತರು.

"ನೋಡೋ ಮರಿ, ಈ ತಟ್ಟೇಲಿ ಒಬ್ಬನಿಗೇ ಐದು ಇಡ್ಲಿ. ಆ ತಟ್ಟೇಲಿ ಐದು ಜನಕ್ಕೆ ಒಂದೇ ಇಡ್ಲಿ. ಇದು ನ್ಯಾಯವೇನೋ?"

"ನೋ ತಾತ, ನಾಟ್ ಫೇರ್" ಎಂದ ಮಗ, ಆ ಒಂದೇ ಇಡ್ಲಿಯನ್ನೂ ಬಾಯಿಗೆ ಹಾಕಿಕೊಂಡ.

"ಸಾಕ್ಷೀನೇ ತಿಂದ್ಬಿಟ್ಯಲ್ಲೋ!"

ಇಷ್ಟೆಲ್ಲ ಮಾತಾಡುವವರಿಗೆ ಈ ದೇಶದಲ್ಲಿ ಓಟಿಲ್ಲ. ಪೇರೆಂಟ್ ವೀಸಾದವರು, ಇಲ್ಲಿನ ಪೌರರಲ್ಲ ನೋಡಿ. ಓಟು ಹಾಕದಿದ್ದರೆ ದಂಡ ಎಂದು ಗೊಣಗುತ್ತಾ ನಾವು ಮತಗಟ್ಟೆಯ ಸಾಲಿನಲ್ಲಿ ನಿಂತರೆ, ಅವರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬೇಲಿಯಾಚೆ, ಓಟಿನ ದಿನ ಅಲ್ಲಿ ಮಾರುವ ಮಾಂಸದ ಸಾಸೇಜ್ ಬೇಡವೆಂದು ಬರೀ ಈರುಳ್ಳಿ ಹಾಕಿಸಿಕೊಂಡ ಬ್ರೆಡ್ ತಿನ್ನುತ್ತಾ ನಿಂತಿರುತ್ತಾರೆ. ಅವರಿಗೆ ಇಲ್ಲಿ ಓಟಿದ್ದದ್ದು ನಮ್ಮ ಕನ್ನಡ ಸಂಘದಲ್ಲಿ ಮಾತ್ರ.

ಸಂಘ ಕಟ್ಟಿದ ಕಾಲಕ್ಕೆ ಕನ್ನಡಿಗರೆಂದರೆ ಬಾಕ್ಸ್ ಹಿಲ್ ಕಡೆಯ ಡಾಕ್ಟರು, ಇಂಜಿನಿಯರುಗಳು. ಹಾಗಾಗಿ ಸಮಿತಿಯಲ್ಲಿ ಅವರಿಗೆ ಐದು ಸೀಟು, ನಾನಿರುವ ಕ್ರೇಗಿಬರ್ನ್‌ಗೆ ಒಂದು. ಈಗ ನಮ್ಮ ಸಬರ್ಬಿನಲ್ಲಿ ಬೀದಿಗೊಂದು ಕನ್ನಡದ ಮನೆಯಿದೆ, ಸೀಟು ಮಾತ್ರ ಅದೇ ಒಂದು! ನಮ್ಮಲ್ಲೂ ಒಂದು ಕನ್ನಡ ಶಾಲೆ ತೆರೆಯಿರಿ ಎಂದು ಮೂರು ವರ್ಷ ಕೇಳಿದೆವು. ಮೂರು ಸಲವೂ ಐದು ಕೈ ಒಂದು ಕೈಯನ್ನು ಸೋಲಿಸಿದವು. ಬಾಕ್ಸ್ ಹಿಲ್‌ನಲ್ಲಿ ಶನಿವಾರ ನಡೆಯುವ ಸಂಘದ ಶಾಲೆ ನಮಗೆ ಬಲು ದೂರ, ಆ ದಿನ ನನಗೆ ಕೆಲಸದ ಶಿಫ್ಟು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ. ಆ ಸಂಕಟ ನನಗೇ ಗೊತ್ತು.

ಹೋದ ವರ್ಷ ಆ ಐದರಲ್ಲೊಂದು ಸೀಟು ಮಾವನಿಗೆ ಸಿಕ್ಕಿತು. ನಾನು ಗೋಳು ಹೇಳಿಕೊಂಡೆ. ಅವರ ಮುಖ ಅರಳಿತು!

"ಇದು ಟೆನ್ನೆಸಿ ಕಣೇ!"

ಅವರು ಸಮಿತಿಯಲ್ಲಿ ಮಾತೆತ್ತಿದರೆ, ಯಾವ ಸಬರ್ಬಿನಲ್ಲಿ ಎಷ್ಟು ಜನ, ಲೆಕ್ಕ ಎಲ್ಲಿದೆ ಎಂದು ಸಂಘದ ಅಧ್ಯಕ್ಷ ಡಾಕ್ಟರು ಕೇಳಿದರು. ಸರಿ, ಯುಗಾದಿ ಊಟದಲ್ಲಿ ಮಾವ ಹುಳಿ ಬಡಿಸಲು ನಿಂತರು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು. ಸಬರ್ಬ್ ಹೇಳದವರಿಗೆ ಹುಳಿಯಿಲ್ಲ!

"ಅಂಕಲ್, ಹುಳಿಗೂ ಅಡ್ರೆಸ್ ಪ್ರೂಫ್ ಬೇಕಾ?"

"ಎರಡನೇ ಸಲ ಬಂದಿದ್ದೀಯ. ಹುಳಿ ಹಾಕ್ತೀನಿ, ಲೆಕ್ಕಕ್ಕೆ ಸೇರಿಸಲ್ಲ!"

ಅನ್ನ ಆರಿತು, ಸಾಲು ಬಾಗಿಲು ದಾಟಿತು. ಮಾವನ ನೋಟ್‌ಬುಕ್ಕಿನ ತುಂಬ ಹುಳಿಯ ಕಲೆ. ಕ್ರೇಗಿಬರ್ನ್ ಕಡೆಯವರು ಬಾಕ್ಸ್ ಹಿಲ್‌ನವರ ಎರಡರಷ್ಟಿದ್ದರು.

ಜನರ ಲೆಕ್ಕಕ್ಕೆ ತಕ್ಕಂತೆ ಸೀಟು ಹಂಚಬೇಕೆಂದು ಮಾವ ಮಹಾಸಭೆಯಲ್ಲಿ ನಿರ್ಣಯ ಮಂಡಿಸಿದಾಗ ಅಧ್ಯಕ್ಷರು ನಕ್ಕರು. "ಪ್ರೊಫೆಸರೇ, ಇದೇನು ಅಮೆರಿಕದ ಅಸೆಂಬ್ಲಿನಾ? ಊಟ ಹಾಕೋ ಸಂಘ."

"ಊಟ ಹಾಕೋ ಕಡೆಯೇ ಪಂಕ್ತಿಭೇದ ಇರಬಾರದು ಡಾಕ್ಟ್ರೇ."

ಪಕ್ಕದಲ್ಲಿ ಕೂತಿದ್ದ ಅತ್ತೆ ಅವರ ತೋಳು ಜಗ್ಗಿದರು. "ರೀ, ಇದು ಪಾಸಾದ್ರೆ ಹೋಗೋದು ನಿಮ್ಮ ಸೀಟೇ!"

"ಗೊತ್ತು ಕಣೇ" ಎಂದು ಮಾವ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ನಿರ್ಣಯ ಪಾಸಾಯಿತು. ನಮಗೆ ನಾಲ್ಕು ಸೀಟು, ಬಾಕ್ಸ್ ಹಿಲ್‌ಗೆ ಎರಡು. ಮಾವ ಆ ಎರಡಕ್ಕೆ ಸ್ಪರ್ಧಿಸಲೂ ಇಲ್ಲ. ಇಂಥ ಮನುಷ್ಯ ನನ್ನ ಮಾವ ಎಂದು ಆ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈಗ ಕ್ರೇಗಿಬರ್ನ್‌ನಲ್ಲಿ ಕನ್ನಡ ಶಾಲೆಯಿದೆ. ಮೇಷ್ಟರು ಯಾರು? ಪ್ರತಿ ಶನಿವಾರ ಎರಡು ಟ್ರೇನು ಬದಲಿಸಿ ಬರುವ ನಮ್ಮ ಮಾವನೇ! ಹೋದ ವಾರ ನನಗೆ ರಜೆಯಿತ್ತು, ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಅಂದು ಕ್ಲಾಸ್ ಲೀಡರ್ ಚುನಾವಣೆ. ಹದಿನಾರು ಮಕ್ಕಳು. ನನ್ನ ಮಗ ಅಡಿಪಟ್ಟಿ ಹಿಡಿದು ಹಾಳೆಯಿಂದ ಒಂದೇ ಅಳತೆಯ ಚೀಟಿಗಳನ್ನು ಹರಿದು ಹಂಚಿದ. ಕೊನೆಗೆ ಮೇಜಿನ ಹತ್ತಿರ ಬಂದು ನಿಂತ.

"ತಾತ, ಇದು ನಿಮ್ದು."

ಕನ್ನಡದಲ್ಲಿ! ಯಾರೂ ಹೇಳಿಕೊಡದೆ!

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ಯಾರಿಗೂ ಕಾಣದಂತೆ ಕೈ ಅಡ್ಡ ಹಿಡಿದು ಒಂದು ಹೆಸರು ಬರೆದರು. ಚೀಟಿಯನ್ನು ನಾಲ್ಕಾಗಿ ಮಡಿಸಿ, ಎದ್ದು ಹೋಗಿ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತರು. ಇಸ್ತ್ರಿ ಮಾಡಿದ ಅದೇ ಶರ್ಟು. ನನ್ನ ಕಣ್ಣು ಮಂಜಾಯಿತು.

ಎಣಿಸುವಾಗ ಡಬ್ಬಿಯಲ್ಲಿ ಹದಿನೇಳು ಚೀಟಿಗಳಿದ್ದವು.