ಸಾಯಬೇಕಿದ್ದ ಸಾಲು

ಕಳೆನಾಶಕ ಹೊಡೆದರೆ ಕಳೆ ಸಾಯಬೇಕು, ಹತ್ತಿ ನಗುತ್ತ ನಿಂತಿರಬೇಕು. ಬೀಜದ ಕಂಪನಿಯ ಹೊಸ ತಳಿಯ ಹೆಗ್ಗಳಿಕೆಯೇ ಅದು. ಆದರೆ ಔಷಧಿ ಬಿದ್ದಲ್ಲೆಲ್ಲ ಹತ್ತಿಯ ಎಲೆಯೂ ಹಳದಿಯಾಗಿ ಮುದುಡುತ್ತಿತ್ತು. ತಳಿಯ ಹೊಣೆ ಹೊತ್ತವನಿಗೆ ಸಹೋದ್ಯೋಗಿಗಳು ‘ಹಳದಿ ಸಾಹೇಬ’ ಎಂದೇ ಹೆಸರಿಟ್ಟುಬಿಟ್ಟರು.

ಪಾಪ, ಊಟ ನಿದ್ದೆ ಬಿಟ್ಟು ಹುಡುಕಿ ಕೊನೆಗೂ ಕಳ್ಳನನ್ನು ಹಿಡಿದ. ಸ್ಪ್ರೇಯರಿನ ಪೈಪಿನೊಳಗೆ ಬೇರೊಂದು ಔಷಧಿಯ ಪಸೆ ಉಳಿದಿತ್ತು. ಪೈಪನ್ನು ಉಜ್ಜಿ ತೊಳೆದು, ಹೊಸದಾಗಿ ಬಿತ್ತಿದ ಹೊಲಕ್ಕೆ ಮತ್ತೆ ಹೊಡೆದ. ಹೋಲಿಕೆಗೆಂದು ಹೊಲದ ಕೊನೆಯಲ್ಲಿ ಮಾಮೂಲಿ ಹತ್ತಿಯ ಒಂದು ಸಾಲೂ ಇತ್ತು. ಅದು ಕಳೆಯ ಜೊತೆ ಸತ್ತರೆ ಮಾತ್ರ ಹೊಸ ತಳಿಯ ತಾಕತ್ತು ಸಾಬೀತಾಗುತ್ತಿತ್ತು.

ಇಂದು ಬೆಳಿಗ್ಗೆ ದೊಡ್ಡ ಸಾಹೇಬರು ಬಂದರು. ಅವರು ಹೂಂ ಅಂದರೆ ಬೀಜ ಮಾರುಕಟ್ಟೆಗೆ.

“ಭಲೇ! ಒಂದೆಲೆಯೂ ಹಳದಿ ಇಲ್ಲ!” ಎನ್ನುತ್ತ ಕೊನೆಯ ಸಾಲಿಗೆ ಬಂದವರು ಗಕ್ಕನೆ ನಿಂತರು. ಮಾಮೂಲಿ ಹತ್ತಿಯೂ ಈಗಷ್ಟೇ ಮಿಂದೆದ್ದ ಮಗುವಿನಂತೆ ಹೊಳೆಯುತ್ತಿತ್ತು.

“ಕಳೆ ಸತ್ತಿದೆ, ಹಳೇ ಹತ್ತಿ ಬದುಕಿದೆ. ಹಾಗಾದ್ರೆ ನಿಮ್ಮ ಹೊಸ ಬೀಜ ಯಾರಿಗೆ ಬೇಕ್ರೀ?”

“ಉಗ್ರಾಣದಲ್ಲೇ ಬೀಜ ಅದಲುಬದಲಾಗಿದೆ ಸಾರ್,” ಎಂದ ಲೆಕ್ಕದ ಗುಮಾಸ್ತ.

“ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ!” ಉಗ್ರಾಣದವನು ಉರಿದುಬಿದ್ದ. “ಹಳದಿ ಸಾಹೇಬರೇ ನಿದ್ದೆಗಣ್ಣಲ್ಲಿ ಸಾಲು ಬಿಟ್ಟು ಹೊಡೆದಿರ್ತಾರೆ!”

ಗುಮಾಸ್ತನೂ ಉಗ್ರಾಣದವನೂ ಒಬ್ಬರ ಕೊರಳಪಟ್ಟಿಗೆ ಒಬ್ಬರು ಕೈಹಾಕುವ ಹೊತ್ತಿಗೆ, ಹೊಲದ ಪಕ್ಕದ ಕ್ವಾರ್ಟರ್ಸಿನಿಂದ ಹಳದಿ ಸಾಹೇಬನ ತಾಯಿ ಟೀ ತಂದಳು.

“ಯಾಕಪ್ಪ ಜಗಳ? ಆ ಸಾಲನ್ನ ನಾನೇ ಒರೆಸಿದ್ದು.”

“ಅಮ್ಮಾ!”

“ಆ ಸಾಲು ಸಾಯ್ಲೇಬೇಕು ಅಂತ ಫೋನಲ್ಲಿ ಹೇಳ್ತಿದ್ದೆ ನೀನು. ಕರುಳು ಚುರುಕ್ ಅಂತು. ನೀನು ಹೊಡೆದು ಆ ಕಡೆ ಹೋದ ಕೂಡ್ಲೇ ಒದ್ದೆ ಬಟ್ಟೇಲಿ ಒಂದೊಂದೇ ಎಲೆ ಒರೆಸ್ದೆ. ನಿನ್ನ ಮುದ್ದಿನ ಗಿಡ ಮುಟ್ಟಿಲ್ಲಪ್ಪ, ಅವುಕ್ಕೆ ನೀನಿದ್ದೀಯಲ್ಲ!”

ಮಗನಿಗೆ ಸಿಟ್ಟು ಬರಲಿಲ್ಲ, ತಾಯಿಯ ಕೈಯಿಂದ ಟೀ ತಟ್ಟೆ ತೆಗೆದುಕೊಂಡ. ದೊಡ್ಡ ಸಾಹೇಬರ ಮನಸ್ಸೂ ಕರಗಿತು. ನಿಯಮ ಕರಗಲಿಲ್ಲ.

“ಪ್ರಯೋಗ ಕೆಟ್ಟ ಹಾಗೇ ಲೆಕ್ಕ. ಮುಂದಿನ ಹಂಗಾಮಿಗೆ ಮೊದಲಿಂದ ಮಾಡಿ. ಬಿಡುಗಡೆಯಾಗದ ತಳಿ ಹೊಲದಲ್ಲಿ ಉಳಿಯೋ ಹಾಗಿಲ್ಲ, ಗೊತ್ತಲ್ಲ? ಇವತ್ತೇ ಎಲ್ಲಾ ಕಿತ್ತು ಸುಡಿ.”

“ಕೊನೇ ಸಾಲು ಸಾರ್?” ಎಂದ ಮಗ.

“ಅದು ಮಾಮೂಲಿ ಹತ್ತಿ. ಅದಕ್ಕೆಂಥ ನಿಯಮ? ಇರ್ಲಿ ಬಿಡಿ.”

ಹಳದಿ ಸಾಹೇಬ ತಾನು ಬದುಕಿಸಿದ ಗಿಡಗಳನ್ನು ಸಂಜೆಯವರೆಗೆ ತಾನೇ ಕಿತ್ತ. ಒಂದೆಲೆಯಾದರೂ ಹಳದಿಯಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಸಾಯಬೇಕಿದ್ದ ಸಾಲು ಮಾತ್ರ ಗಾಳಿಗೆ ತಲೆದೂಗುತ್ತ ನಿಂತಿತ್ತು.

ತಾಯಿ ಬಂದು ಪಕ್ಕದಲ್ಲಿ ಕೂತಳು. ಒದ್ದೆ ಬಟ್ಟೆ ಹಿಂಡಿ, ಈ ಸಲ ಮಗನ ಮುಖ ಒರೆಸಿದಳು.

“ನೋಡು, ನೀನೇ ಹಳದಿಯಾಗಿಬಿಟ್ಟಿದ್ದೀಯಲ್ಲೋ ಮಗಾ!”